ಪ್ರತಿಕ್ರಿಯೆ: ಹುಣ್ಣಿಮೆ ವಾರ, ಬೆಳಿಗ್ಗೆ ಎಲ್ಕ್ ಕಾಣುತ್ತಿಲ್ಲ

ಅಮೆರಿಕದ ಕೊಲೊರಾಡೋದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬಿಲ್ಲುಬಾಣದಿಂದ ಬೇಟೆಯಾಡಲು ಹೋದರೆ, ರಾತ್ರಿಯಿಡೀ ಗಂಡು ಎಲ್ಕ್‌ಗಳ ಕೂಗು, ಬೆಳಗಾದರೆ ಹುಲ್ಲುಗಾವಲು ಖಾಲಿ ಅಂದಿರಿ. ಬಹುಶಃ ಬೆಳದಿಂಗಳಲ್ಲೇ ಮೇಯ್ದು, ಬೆಳಕು ಹರಿಯುವ ಮೊದಲೇ ಮಲಗುವ ಜಾಗಕ್ಕೆ ಹೊರಡುತ್ತಿವೆ. ಚಂದ್ರನೊಂದೇ ಕಾರಣ ಅಂತ ಹೇಳಲಾರೆ. ಸೆಪ್ಟೆಂಬರ್ ಬಿಸಿಲು, ಬೇರೆ ಬೇಟೆಗಾರರ ಓಡಾಟ ಜಾಸ್ತಿ ಇದ್ದರೂ ಹೀಗೇ ಆಗುತ್ತದೆ. ಬೆದೆಗಾಲವೇನೂ ನಿಂತಿಲ್ಲ. ಅದು ಹಗಲು ಚಿಕ್ಕದಾಗುವುದನ್ನು ನೋಡಿ ಬರುತ್ತದೆ, ಹುಣ್ಣಿಮೆಯನ್ನಲ್ಲ.

ಕತ್ತಲಿರುವಾಗಲೇ ಹೋಗಿ, ದೂರ ನಿಂತು ಕೇಳಿ. ಕೂಗು ಯಾವ ಕಡೆ ಸರಿಯುತ್ತಿದೆ ಅನ್ನುವುದಷ್ಟೇ ಬೇಕು. ನೀವು ಕೂಗು ಹಾಕಬೇಡಿ. ಸಾಮಾನ್ಯವಾಗಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಕಾಡಿಗೆ ಸೇರುತ್ತವೆ.

ಆಮೇಲೆ ಸುಮ್ನೆ ಕಾಯಿರಿ. ಇದೇ ಕಷ್ಟದ ಭಾಗ. ಬೆಳಿಗ್ಗೆ ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ಹೋಗುತ್ತದೆ. ನಡುವಿನ ಹೊತ್ತಿನಲ್ಲಿ ಗಾಳಿ ಸುತ್ತುತ್ತದೆ. ಆಗ ನುಗ್ಗಿದರೆ ನಿಮ್ಮ ವಾಸನೆ ಸಿಕ್ಕಿ ಕಣಿವೆಯನ್ನೇ ಬಿಟ್ಟು ಹೋಗುತ್ತವೆ. ಗಾಳಿಯ ದಿಕ್ಕು ತಿಳಿಯಲು ಆಗಾಗ ಸ್ವಲ್ಪ ಪುಡಿ ಊದಿ ನೋಡುತ್ತಿರಿ. ಗಾಳಿ ಬಿಡದೆ ಮೇಲೇರತೊಡಗಿದ ಮೇಲೆ ಪಕ್ಕದಿಂದಲೋ ಮೇಲಿಂದಲೋ ಹತ್ತಿರ ಹೋಗಿ, ಹೆಣ್ಣು ಎಲ್ಕ್ ದನಿಯಲ್ಲಿ ಮೆಲ್ಲಗೆ ಒಂದೆರಡು ಸಲ ಕರೆಯಿರಿ. ಹತ್ತು ಗಂಟೆಯಿಂದ ಎರಡರವರೆಗೆ ಗಂಡುಗಳು ಎದ್ದು ಹೆಣ್ಣುಗಳ ಬಳಿ ಸುಳಿದಾಡುವುದುಂಟು. ಉತ್ತರ ಬರದಿದ್ದರೂ ಜಾಗ ಬಿಡಬೇಡಿ, ಸದ್ದಿಲ್ಲದೆ ಬರುವವೂ ಇರುತ್ತವೆ.

ಮಧ್ಯಾಹ್ನದ ಮೇಲೆ ಎಲ್ಕ್ ಹೊರಳಾಡುವ ಹತ್ತಿರದ ಕೆಸರು ಹೊಂಡದ ಪಕ್ಕ ಕೂರಬಹುದು. ಬೆಳದಿಂಗಳಲ್ಲಿ ಗುರಿ ಎಷ್ಟೇ ಚೆನ್ನಾಗಿ ಕಂಡರೂ, ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ಕೊಲೊರಾಡೋದಲ್ಲಿ ಬಾಣ ಬಿಡುವಂತಿಲ್ಲ.