ಮಲ್ಪೆಯ ಹುಡುಗಿಯ ಕನಸಿನಲ್ಲಿ ಹಿಮ ಏಕೆ ಬೀಳುತ್ತಿದೆ?

ನಮಸ್ಕಾರ.

ನೀವು ಕಳಿಸಿದ ‘ಸ್ವಪ್ನಸಾಮ್ರಾಜ್ಯದ ರಾಜಕುಮಾರಿ’ ಚಿತ್ರಕಾದಂಬರಿಯ 212 ಪುಟಗಳ ಸ್ಕ್ರಿಪ್ಟನ್ನೂ ಬಣ್ಣ ಹಾಕಿದ 24 ಮಾದರಿ ಪುಟಗಳನ್ನೂ ಎರಡೆರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ 9ನೇ ಪುಟ ಓದಿದ ಮೇಲೆ ಹಾಗೇ ವಾಪಸು ಕಳಿಸುವ ಮನಸ್ಸೂ ಬರಲಿಲ್ಲ. ಅದಕ್ಕೇ ಈ ಉದ್ದದ ಪತ್ರ.

ನಿಮ್ಮ ಕಥೆ ಇಷ್ಟು: ಮಲ್ಪೆಯ ಹನ್ನೊಂದು ವರ್ಷದ ವೃಂದಾಳ ಅಜ್ಜನಿಗೆ ನಿದ್ದೆ ಬರುತ್ತಿಲ್ಲ. ಅವರ ನಿದ್ದೆಯನ್ನು ಕನಸಿನ ಲೋಕದ ತಮಾಸುರ ಕದ್ದಿದ್ದಾನೆ. ವೃಂದಾ ದಿನಾ ರಾತ್ರಿ ಸ್ಫಟಿಕದ ಕೀಲಿಕೈ ಹಿಡಿದು ಅಲ್ಲಿಗೆ ಹೋಗಿ, ಹಿಮದ ಕಾಡು, ತೋಳಗಳ ಸೈನ್ಯ, ಡ್ರ್ಯಾಗನ್ ಎಲ್ಲವನ್ನೂ ದಾಟಿ ನಿದ್ದೆಯನ್ನು ಬಿಡಿಸಿ ತರುತ್ತಾಳೆ. ಕೊನೆಯ ಪುಟದಲ್ಲಿ ಅವಳಿಗೆ ಎಚ್ಚರವಾಗುತ್ತದೆ, ನಡೆದದ್ದೆಲ್ಲ ಬರೀ ಕನಸು.

ಆ ಕೊನೆಯ ಪುಟ ಬೇಡ. ನಾಲ್ಕರಿಂದ ಏಳನೇ ತರಗತಿಯ ಓದುಗ ಅಷ್ಟು ಪುಟ ವೃಂದಾಳ ಜೊತೆ ಹೆದರಿ, ಓಡಿ, ಗೆದ್ದು ಬಂದ ಮೇಲೆ ‘ಏನೂ ಆಗಲೇ ಇಲ್ಲ’ ಎಂದರೆ ಆ ಮಗು ನಿಮ್ಮನ್ನು ಮತ್ತೆ ನಂಬುವುದಿಲ್ಲ. ಈ ತಪ್ಪಿನ ಬೇರು ಮೊದಲ ಅಧ್ಯಾಯದಲ್ಲೇ ಇದೆ. ನಿಮ್ಮ ಕನಸಿನ ಲೋಕದಲ್ಲಿ ಏನು ಬೇಕಾದರೂ ಆಗುತ್ತದೆ. ವೃಂದಾ ಬಿದ್ದರೆ ರೆಕ್ಕೆ ಮೂಡುತ್ತದೆ, ಕೀಲಿಕೈ ಕಳೆದರೆ ಇನ್ನೊಂದು ಸಿಗುತ್ತದೆ. ಏನು ಬೇಕಾದರೂ ಆಗುವ ಕಡೆ ಯಾವುದಕ್ಕೂ ಬೆಲೆ ಇರುವುದಿಲ್ಲ. ಕನಸಿನಲ್ಲಿ ಮಾಡಿದ್ದಕ್ಕೆ ಎಚ್ಚರದಲ್ಲಿ ಏನಾದರೂ ತೆರಬೇಕು. ಆ ಲೆಕ್ಕ ಓದುಗನಿಗೆ ಮೊದಲ ಇಪ್ಪತ್ತು ಪುಟದೊಳಗೆ ಗೊತ್ತಾಗಬೇಕು.

ಆ ಲೆಕ್ಕ ನಿಮ್ಮ 9ನೇ ಪುಟದಲ್ಲೇ ಇದೆ. ವೃಂದಾ ಎದ್ದವಳೇ, ಮರೆತುಹೋಗುವ ಮುಂಚೆ, ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಕನಸನ್ನು ಬಿಡಿಸಲು ಕೂರುತ್ತಾಳೆ. ಅಮ್ಮ ಕರೆಯುತ್ತಾರೆ, ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಒಂದೇ ಚೌಕಟ್ಟು, ಆಮೇಲೆ ನೀವು ಅದನ್ನು ಮರೆತೇಬಿಟ್ಟಿದ್ದೀರಿ. ನಮ್ಮ ಪ್ರಕಾರ ಇಡೀ ಪುಸ್ತಕ ಅಲ್ಲಿಂದಲೇ ಹುಟ್ಟಬೇಕು. ಬಿಡಿಸಿದ್ದು ಮಾತ್ರ ಎಚ್ಚರಕ್ಕೆ ಬರುತ್ತದೆ, ಬಿಡಿಸದೆ ಬಿಟ್ಟದ್ದು ಹೋದಂತೆಯೇ, ಅರ್ಧ ಬಿಡಿಸಿದ ಕೀಲಿಕೈ ಅರ್ಧವೇ ತಿರುಗುತ್ತದೆ. ಚಿತ್ರದಲ್ಲೇ ಹೇಳಬಹುದಾದ ನಿಯಮ ಇದು, ಮಾತು ಬೇಕಿಲ್ಲ. ಇದಕ್ಕೆ ನಮ್ಮಲ್ಲಿ ಹಿರಿಯಳೊಬ್ಬಳೂ ಇದ್ದಾಳೆ. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಕಂಡವನು ಯಾರೆಂದು ತಿಳಿಯದೆ ಕೊರಗುವಾಗ, ಗೆಳತಿ ಚಿತ್ರಲೇಖೆ ಒಬ್ಬೊಬ್ಬರ ಚಿತ್ರವನ್ನೇ ಬರೆದು ತೋರಿಸಿ ಅವನು ಅನಿರುದ್ಧ ಎಂದು ಕಂಡುಹಿಡಿಯುತ್ತಾಳೆ. ಅಜ್ಜ ಈ ಪ್ರಸಂಗವನ್ನು ಯಕ್ಷಗಾನದ ಆಟದಲ್ಲಿ ನೋಡಿರುತ್ತಾರೆ, ಅವರೇ ಹೇಳಲಿ. ಎರಡು ಪುಟ ಸಾಕು.

ಈಗ ಹಿಮದ ಮಾತು. ಮಗುವಿನ ಕನಸು ಅದರ ಹಗಲಿನ ಚೂರುಗಳಿಂದಲೇ ಕಟ್ಟಿಕೊಳ್ಳುತ್ತದೆ. ವೃಂದಾಳ ಹಗಲಿನಲ್ಲಿ ಇರುವುದು ಬೋಟು ನಿಲ್ಲುವ ಧಕ್ಕೆ, ಬಲೆ, ಉಪ್ಪುಗಾಳಿ, ಮೀನಿನ ಮೇಲೆ ಸುರಿಯುವ ಪುಡಿ ಐಸು. ಅವಳ ಕನಸಿನಲ್ಲಿ ಹಿಮ ಬೀಳಲೇಬೇಕೆಂದರೆ ಬೀಳಲಿ, ಅದಕ್ಕೆ ಬಂಗುಡೆ ಮೀನಿನ ವಾಸನೆ ಇರಲಿ. ಕಲ್ಲಿನ ಕೋಟೆಗಾಗಿ ದೂರ ಹೋಗುವುದೂ ಬೇಡ. ಮಲ್ಪೆಯ ಎದುರಿಗೇ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ತಣ್ಣಗಾಗುವಾಗ ಬಿರುಕುಬಿಟ್ಟು ನಿಂತ ಕಲ್ಲುಕಂಬಗಳಿವೆ, ಹೆಚ್ಚಿನವು ಆರು ಮೂಲೆಯವು. ಮಳೆಗಾಲದಲ್ಲಿ ಅಲ್ಲಿಗೆ ಪ್ರವಾಸಿ ದೋಣಿ ಹೋಗುವುದಿಲ್ಲ. ಕಣ್ಣಿಗೆ ಕಾಣುವ, ಕಾಲಿಗೆ ಸಿಗದ ಜಾಗ. ಕನಸಿನ ಲೋಕಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನಮಗೆ ಹೊಳೆಯಲಿಲ್ಲ.

ಕಾಲವನ್ನೂ ಗಟ್ಟಿ ಮಾಡಿ. ಕಥೆ ಮಳೆಗಾಲದ್ದು ಎಂದಷ್ಟೇ ಬರೆದಿದ್ದೀರಿ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. ಅದೇ ನಿಮ್ಮ ಗಡಿಯಾರ. ಮಗನ ಬೋಟು ಕಡಲಲ್ಲಿದ್ದ ರಾತ್ರಿ ಅಜ್ಜ ಮಲಗುವುದಿಲ್ಲ ಎಂದು 31ನೇ ಪುಟದಲ್ಲಿ ನೀವೇ ಹೇಳಿದ್ದೀರಿ. ಹಾಗಾದರೆ ಬೋಟು ಧಕ್ಕೆಯಲ್ಲೇ ಕಟ್ಟಿರುವಾಗಲೂ, ಬೋಟು ನಡೆಸುವ ತಾಂಡೇಲನಾದ ಮಗ ಮನೆಯಲ್ಲೇ ಕೂತು ಬಲೆ ಹೆಣೆಯುವಾಗಲೂ, ಈ ವರ್ಷ ಅವರಿಗೆ ನಿದ್ದೆ ಏಕಿಲ್ಲ? ಈ ಪ್ರಶ್ನೆ ತಮಾಸುರನಿಗಿಂತ ಹೆಚ್ಚು ಹೆದರಿಸುತ್ತದೆ. ಆಗಸ್ಟ್ 1ರೊಳಗೆ ಉತ್ತರ ಸಿಗಬೇಕು. ನಾಡದೋಣಿಗೆ ಈ ನಿಷೇಧ ಇಲ್ಲ ಎಂಬುದನ್ನೂ ನೆನಪಿಡಿ, ಅಜ್ಜನ ಹಳೆಯ ದೋಣಿ ಕೊನೆಯ ಅಧ್ಯಾಯದಲ್ಲಿ ಕೆಲಸಕ್ಕೆ ಬಂದೀತು.

ಕಾಲ ಗಟ್ಟಿಯಾದರೆ ಒಂದು ದೊಡ್ಡ ತಪ್ಪು ತಾನಾಗಿಯೇ ಕಾಣುತ್ತದೆ. 140ನೇ ಪುಟದಲ್ಲಿ ಜುಲೈಯ ಗದ್ದೆಯಲ್ಲಿ ರಾತ್ರಿಯಿಡೀ ಬಯಲಾಟ ನಡೆಯುತ್ತಿದೆ. ಪತ್ತನಾಜೆಗೆ, ಎಂದರೆ ಮೇ ಕೊನೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತವೆ. ಊರಿನ ಮಕ್ಕಳೇ ಇದನ್ನು ಹಿಡಿಯುತ್ತಾರೆ. ಆ ದೃಶ್ಯವನ್ನು ಎಚ್ಚರದಿಂದ ಕನಸಿಗೆ ಸರಿಸಿ. ಮಳೆ ಹೊಡೆಯುವ ಗದ್ದೆಯಲ್ಲಿ ಆಟ ನಡೆಯುತ್ತಿದೆ ಎಂಬುದೇ ಇದು ಕನಸು ಎಂಬುದರ ಸುಳಿವಾಗುತ್ತದೆ. ಅದೇ ಪುಟದಲ್ಲಿ ಒಂದೇ ರಂಗಸ್ಥಳದ ಮೇಲೆ ಬಡಗಿನ (ಉತ್ತರದ ಶೈಲಿಯ) ಮುಂಡಾಸಿನ ವೇಷವನ್ನೂ ಮುಖಕ್ಕೆ ಚುಟ್ಟಿ (ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳ ಸಾಲು) ಇಟ್ಟ ತೆಂಕಿನ (ದಕ್ಷಿಣದ ಶೈಲಿಯ) ಬಣ್ಣದ ವೇಷವನ್ನೂ ನಿಲ್ಲಿಸಿದ್ದೀರಿ. ಯಾವುದಾದರೂ ಒಂದು ತಿಟ್ಟನ್ನು ಹಿಡಿಯಿರಿ. ವೇಷ ಕಟ್ಟುವ ಚೌಕಿಯಲ್ಲಿ ಒಂದು ರಾತ್ರಿ ಕೂತು ಸ್ಕೆಚ್ ಮಾಡಿ, ಫೋಟೋ ನೋಡಿ ಬರೆದ ಕಿರೀಟದ ಹಿಂಬದಿ ಯಾವಾಗಲೂ ತಪ್ಪುತ್ತದೆ. ಇನ್ನು, ತಮಾಸುರನಿಗೆ ಭೂತಕೋಲದ ಅಣಿ (ದೈವದ ವೇಷದ ದೊಡ್ಡ ಪ್ರಭಾವಳಿ) ಕಟ್ಟಿದ್ದನ್ನು ಪೂರ್ತಿ ತೆಗೆಯಿರಿ. ಅದು ಜನ ನಂಬಿ ನಡೆದುಕೊಳ್ಳುವ ದೈವ, ಮಕ್ಕಳ ಕಥೆಯ ಖಳನಿಗೆ ತೊಡಿಸುವ ಬಟ್ಟೆಯಲ್ಲ.

ನಿದ್ದೆಯ ಬಗ್ಗೆ ವಿಜ್ಞಾನ ಹೇಳುವುದನ್ನು ಮೀರಲು ನಿಮಗೆ ಹಕ್ಕಿದೆ, ಆದರೆ ತಿಳಿದು ಮೀರಿ. 1953ರಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದ, ಕಣ್ಣುಗುಡ್ಡೆ ರೆಪ್ಪೆಯೊಳಗೆ ಚುರುಕಾಗಿ ಓಡಾಡುವ ಹಂತದಲ್ಲೇ ಕಥೆಯಂಥ ಕನಸುಗಳು ಹೆಚ್ಚು. ಮಲಗಿ ಸುಮಾರು ಒಂದೂವರೆ ಗಂಟೆಯ ಮೇಲೆ ಈ ಹಂತ ಮೊದಲ ಸಲ ಬರುತ್ತದೆ, ಕೆಲವೇ ನಿಮಿಷ ಇರುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಉದ್ದವಾಗುತ್ತಾ ಬೆಳಗಿನ ಜಾವಕ್ಕೆ ಅತಿ ಉದ್ದವಾಗುತ್ತದೆ. ಆಗ ಕೈಕಾಲಿನ ಸ್ನಾಯುಗಳು ಸಡಿಲವಾಗಿ, ಕಟ್ಟಿಹಾಕಿದಂತೆ ಅಲುಗದೆ ಇರುತ್ತವೆ. ನಿದ್ದೆಯಲ್ಲಿ ನಡೆಯುವುದು ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ, ಅದು ಬೇರೆ ಹಂತ. ಹಾಗಾಗಿ 77ನೇ ಪುಟದಲ್ಲಿ ಡ್ರ್ಯಾಗನ್ ಜೊತೆ ಕಾದಾಡುತ್ತಲೇ ವೃಂದಾ ಸಮುದ್ರದ ಕಡೆ ನಡೆದುಹೋಗುವುದು ಹೊಂದುವುದಿಲ್ಲ.

ಕನಸಿನ ಹಂತ ಸುತ್ತಿನಿಂದ ಸುತ್ತಿಗೆ ಉದ್ದವಾಗುವ ಈ ಏರಿಕೆಯನ್ನೇ ಪುಸ್ತಕದ ಅಸ್ಥಿಪಂಜರ ಮಾಡಿ. 212 ಪುಟ ಬೇಡ, 128 ಸಾಕು. ಒಂದೇ ಹಾಳೆಯಲ್ಲಿ ಅಚ್ಚಾಗುವ 16 ಪುಟದ ಫಾರಂ ಲೆಕ್ಕದಲ್ಲಿ ಸರಿಯಾಗಿ ಎಂಟು ಫಾರಂ. 61 ರಾತ್ರಿಗಳಲ್ಲಿ ಐದನ್ನು ಮಾತ್ರ ತೋರಿಸಿ: ಕನಸು ಮೊದಲ ಸಲ 2 ಪುಟ, ಆಮೇಲೆ 6, 10, 16, ಕೊನೆಗೆ 22. ಒಟ್ಟು 56. ಎಚ್ಚರಕ್ಕೆ 64, ಶೀರ್ಷಿಕೆ ಮುಂತಾದವಕ್ಕೆ 8. ಕೊನೆಯದು ಬೆಳಗಿನ ಜಾವದ ಕನಸು. ಅದು ನಿಜವಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತನ್ನು ವೃಂದಾ ಮೊದಲೇ ಕೇಳಿರಲಿ. ಪುಟ ಇಳಿಸಿದರೆ ನಿಮ್ಮ ಕೈಗೂ ಒಳ್ಳೆಯದು. ಪೆನ್ಸಿಲ್, ಇಂಕು, ಬಣ್ಣ ಸೇರಿ ಪುಟಕ್ಕೆ ಎರಡು ದಿನ ಹಿಡಿದರೂ 256 ದಿನಗಳ ಕೆಲಸ.

ಕನಸು ಯಾವುದು, ಎಚ್ಚರ ಯಾವುದು ಎಂದು ಹೇಳಲು ನೀವು ಪ್ರತಿ ಸಲ ‘ಕನಸಿನಲ್ಲಿ...’ ಎಂಬ ಬರಹದ ಪಟ್ಟಿ ಹಾಕಿದ್ದೀರಿ, ಇಲ್ಲವೇ ನೀಲಿ ಬಣ್ಣವನ್ನು ನಂಬಿದ್ದೀರಿ. ಅಚ್ಚಿನಲ್ಲಿ ನೀಲಿ ಸ್ವಲ್ಪ ಸರಿದರೂ ಆ ಗುರುತು ಹೋಯಿತು. ಚೌಕಟ್ಟಿನ ಆಕಾರವೇ ಹೇಳಲಿ. ಎಚ್ಚರದ ಪುಟಕ್ಕೆ ಸ್ಕೇಲ್ ಹಿಡಿದು ಎಳೆದ ಆಯತ, ನಡುವೆ ಬಿಳಿ ಜಾಗ. ಕನಸಿಗೆ ಆ ದ್ವೀಪದ ಕಂಬಗಳಂತೆ ಆರು ಮೂಲೆಯ ಚೌಕಟ್ಟು. ಒಂದು ಪುಟಕ್ಕೆ ಮೂರಕ್ಕಿಂತ ಹೆಚ್ಚು ಬೇಡ, ನಾಲ್ಕನೆಯದು ಬಂದ ಕೂಡಲೇ ಯಾವುದನ್ನು ಮೊದಲು ಓದಬೇಕೆಂದು ಮಕ್ಕಳಿಗೆ ಗೊಂದಲವಾಗುತ್ತದೆ. ಕನಸಿನಲ್ಲಿ ಒಮ್ಮೆ ಓದಿದ ಅಕ್ಷರ ಮತ್ತೆ ನೋಡುವಾಗ ಬೇರೆಯಾಗಿರುತ್ತದೆ ಎಂದು ಬಹಳ ಜನ ಹೇಳುತ್ತಾರಲ್ಲ, ಅದನ್ನು ಬಳಸಿ. ಬಸ್ಸಿನ ಬೋರ್ಡಿನಲ್ಲಿ ‘ಮಲ್ಪೆ’ ಇದೆ, ಮುಂದಿನ ಚೌಕಟ್ಟಿನಲ್ಲಿ ಒತ್ತಕ್ಷರ ಉದುರಿ ‘ಮಲೆ’ ಆಗಿದೆ. ಕಡಲೂರು ಕಾಡಾಯಿತು! ಹಾಗೆಯೇ ಕತ್ತಲಿನಲ್ಲಿ ಯಾರೋ ‘ಬಲೆ’ ಎನ್ನಲಿ. ತುಳುವಿನಲ್ಲಿ ಅದು ‘ಬನ್ನಿ’ ಎಂಬ ಕರೆ, ಮೀನು ಹಿಡಿಯುವ ಬಲೆಯೂ ಹೌದು. ಹೋಗಬೇಕೋ ಓಡಬೇಕೋ ಎಂದು ವೃಂದಾ ನಿಂತುಬಿಡಲಿ.

ಬಾಗಿಲು ತೆರೆಯುವ ದೃಶ್ಯ 23ನೇ ಪುಟದಲ್ಲಿದೆ. ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ, 22 ಓದುತ್ತಿರುವಾಗಲೇ ಮಗುವಿನ ಕಣ್ಣು ಅಲ್ಲಿಗೆ ಹಾರಿರುತ್ತದೆ. ಚಿಲಕದ ಮೇಲಿನ ಕೈ 23ರ ಕೊನೆಯ ಚೌಕಟ್ಟಿಗೆ, ಒಳಗೇನಿದೆ ಎಂಬುದು ಮಗುಚಿದ ಮೇಲೆ 24ಕ್ಕೆ.

ಅಕ್ಷರದ ಬಗ್ಗೆ ಸ್ವಲ್ಪ ನಿಲ್ಲಬೇಕು, ಚಂದದ ಚಿತ್ರಗಳು ಕೆಡುವುದು ಇಲ್ಲೇ. ಇಂಗ್ಲಿಷಿನ ಮಾತಿನ ಬಲೂನಿನ ಅಳತೆಗೆ ಕನ್ನಡ ತುರುಕಿದ್ದೀರಿ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಸಾಲುಗಳು ಹತ್ತಿರವಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರ 11 ಪಾಯಿಂಟಿಗಿಂತ ಇಳಿಯದಿರಲಿ, ಸಾಲಿನಿಂದ ಸಾಲಿಗೆ 16 ಇಡಿ, ಒಂದು ಬಲೂನಿಗೆ 12ರಿಂದ 15 ಪದ. ‘ಸ್ವಪ್ನಸಾಮ್ರಾಜ್ಯೇಶ್ವರನ’ ಎಂಬ ಪದ ಯಾವ ಬಲೂನಿನಲ್ಲೂ ಮುರಿಯದೆ ಕೂರುವುದಿಲ್ಲ, ಹತ್ತು ವರ್ಷದ ಬಾಯಿಯಲ್ಲೂ ಕೂರುವುದಿಲ್ಲ. ಆರು ಪುಟಗಳಲ್ಲಿ ಒತ್ತುಗಳು ಬಿಡಿಬಿಡಿಯಾಗಿ ‘ಸ್ವಪ್‌ನ’ ಎಂದಾಗಿದೆ. ಫೋಟೋಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಯೂನಿಕೋಡ್ ಫಾಂಟೇ ಬಳಸಿ. ‘ಬಲೂ ತಮ್ಮ’ದಂಥ ದುಂಡನೆಯ ಮುಕ್ತ ಫಾಂಟು ಮಕ್ಕಳ ಕಣ್ಣಿಗೆ ಹಿತ. ಶಬ್ದಗಳನ್ನು ಮಾತ್ರ ಕೈಯಲ್ಲೇ ಬರೆಯಿರಿ, ‘ವ್ಹೂಶ್’, ‘ಬೂಮ್’ ತೆಗೆದು ‘ಭೋರ್’, ‘ಧೊಪ್’, ‘ಸರಸರ’ ಎಂದು. 1843ರಲ್ಲಿ ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಿನಲ್ಲಿ ಗೆರೆಗೂ ಅಕ್ಷರಕ್ಕೂ ಒಂದೇ ಕಲ್ಲು. ಆ ಒಗ್ಗಟ್ಟು ನಿಮ್ಮ ಪುಟದಲ್ಲೂ ಕಾಣಬೇಕು.

ಮಾತು ಮನೆಯ ಮಾತಾಗಲಿ. ‘ನಾನು ಭಯಭೀತಳಾಗಿದ್ದೇನೆ, ಪಿತಾಮಹ’ ಎಂದು ಮಲ್ಪೆಯಲ್ಲಿ ಯಾರೂ ಹೇಳುವುದಿಲ್ಲ. ‘ಅಜ್ಜ, ನಂಗೆ ಹೆದರಿಕೆ ಆಗ್ತದೆ. ಅಲ್ಲಿ ಎಂತದೋ ಉಂಟು’ ಅಂದರೆ ಸಾಕು.

ಅಚ್ಚಿನ ಕಡೆಯಿಂದ: ಕತ್ತಲಿನ ಪುಟಗಳಲ್ಲಿ ನಾಲ್ಕೂ ಇಂಕು ಸೇರಿ 320 ಪ್ರತಿಶತ ದಾಟಿದೆ. ನುಣುಪು ಲೇಪನವಿಲ್ಲದ ಮ್ಯಾಪ್‌ಲಿಥೋ ಕಾಗದ ಅಷ್ಟನ್ನು ಹೀರಿ ಕೆಸರಾಗುತ್ತದೆ, 260ರೊಳಗೆ ತನ್ನಿ. ಅಕ್ಷರಕ್ಕೆ ಕಪ್ಪು ಇಂಕು ಒಂದೇ, ಬೇರೆ ಲೇಯರಿನಲ್ಲಿ. ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಕತ್ತರಿಸುವ ಅಂಚಿನಾಚೆಗೂ 3 ಮಿಲಿಮೀಟರ್ ಚಾಚಿರಲಿ, ಹೊಲಿಗೆಯ ಕಡೆ 15 ಮಿಲಿಮೀಟರಿನೊಳಗೆ ಮಾತು ಬೇಡ.

ಮುಂದಿನ ಸಲ ಪೂರ್ತಿ ಸ್ಕ್ರಿಪ್ಟ್ ಕಳಿಸಬೇಡಿ. ಒಂದು ಪುಟದ ಕಥಾಸಾರ, 128 ಪುಟಗಳ ಹೆಬ್ಬೆರಳಿನಷ್ಟು ಸಣ್ಣ ಪೆನ್ಸಿಲ್ ನಕ್ಷೆ, ಮತ್ತು ಮೊದಲ ರಾತ್ರಿಯ ಎಂಟು ಪುಟ: ಎಚ್ಚರದ ಐದು, ಕನಸಿನ ಎರಡು, ವೃಂದಾ ಎದ್ದು ಚಿತ್ರ ಬಿಡಿಸುವ ಒಂದು. ಆ ಎಂಟಕ್ಕೆ ಮಾತ್ರ ಬಣ್ಣ ಹಾಕಿ. ಕಳಿಸುವ ಮೊದಲು ಬಲೂನುಗಳನ್ನು ಖಾಲಿ ಬಿಟ್ಟು ಐದನೇ ತರಗತಿಯ ಒಂದು ಮಗುವಿಗೆ ತೋರಿಸಿ, ಎಲ್ಲಿಂದ ಕನಸು ಶುರುವಾಯಿತು ಎಂದು ಕೇಳಿ. ಮಗು ಬೆರಳಿಟ್ಟ ಚೌಕಟ್ಟು ಯಾವುದು ಎಂಬುದನ್ನೂ ನಮಗೆ ಬರೆದು ತಿಳಿಸಿ.