ಪರಿಹಾರ ಸಿಕ್ಕಿದ್ದು ಬೆರಳಿಗೆ, ಕೆಲಸಕ್ಕಲ್ಲ

ಓದುಗರ ಪತ್ರ: ನನ್ನ ತಮ್ಮ ಸಾಗರದ ಹತ್ತಿರದ ಸಾಮಿಲ್ ಒಂದರಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದ. ಅಲ್ಲಿರುವುದು ಆರೇಳು ಜನ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. ವಯಸ್ಸು 40, ಸಂಬಳ 12,000. 2025ರ ಮಾರ್ಚಿನಲ್ಲಿ ಗರಗಸಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದವು. ಮಾಲೀಕರು 60,000 ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆಗಸ್ಟಿನಲ್ಲಿ ‘ಇನ್ನು ಬರಬೇಡ’ ಅಂದರು. ಪರಿಹಾರ ತಗೊಂಡ ಮೇಲೆ ಕೇಸು ಹಾಕಲು ಬರುವುದಿಲ್ಲ ಅಂತಾರಲ್ಲ, ನಿಜವೇ?

ಸಂಪಾದಕರ ಉತ್ತರ: ಅರ್ಧ ನಿಜ. ಮಾಲೀಕರ ಬಾಯಲ್ಲಿ ಸದಾ ಓಡಾಡುವುದೂ ಆ ಅರ್ಧವೇ. 1923ರ ನೌಕರರ ಪರಿಹಾರ ಕಾಯ್ದೆಯ 3ನೇ ಕಲಮಿನ ಪ್ರಕಾರ, ಗಾಯಕ್ಕೆ ಆ ಕಾಯ್ದೆಯಡಿ ಪರಿಹಾರ ಕೇಳಿದವರು ಅದೇ ಗಾಯಕ್ಕೆ ಸಿವಿಲ್ ಕೋರ್ಟಿನಲ್ಲಿ ಮತ್ತೆ ನಷ್ಟ ಕೇಳುವಂತಿಲ್ಲ. ಅಡ್ಡಿ ಇರುವುದು ಅಷ್ಟಕ್ಕೇ. ಕೆಲಸದಿಂದ ತೆಗೆದದ್ದು ಬೇರೆಯೇ ವ್ಯಾಜ್ಯ, ಅದಕ್ಕೆ 1947ರ ಕೈಗಾರಿಕಾ ವಿವಾದ ಕಾಯ್ದೆ ಇದೆ. ಈ ಹಳೆಯ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಆದರೆ ನಿಮ್ಮ ತಮ್ಮನ ವಿಷಯದಲ್ಲಿ ಎರಡೂ ಘಟನೆ ಅದಕ್ಕೂ ಮುಂಚಿನವು, ಹಾಗಾಗಿ ಹಳೆಯ ಕಾಯ್ದೆಗಳ ಲೆಕ್ಕವನ್ನೇ ಹೇಳುತ್ತೇನೆ.

ಮೊದಲು ಆ 60,000ದ ಮಾತು. ಒಂದು ಕೈಯ ಎರಡು ಬೆರಳು ಹೋದರೆ ಶೇ. 20ರಷ್ಟು ದುಡಿಮೆ ಶಕ್ತಿ ಹೋಯಿತು ಎಂದು ಕಾಯ್ದೆಯ ಪಟ್ಟಿಯೇ ಹೇಳುತ್ತದೆ. ಸಂಬಳದ ಶೇ. 60 ಅಂದರೆ 7,200. ಅದನ್ನು 40ರ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ 184.17 ಎಂಬ ಅಂಕದಿಂದ ಗುಣಿಸಿ, ಬಂದದ್ದರ ಶೇ. 20 ಎಷ್ಟೆಂದು ನೋಡಿ: ಸುಮಾರು 2,65,000. ಒಂದು ತಿಂಗಳಲ್ಲಿ ಕೊಡದಿದ್ದರೆ ಶೇ. 12 ಬಡ್ಡಿ, ಸರಿಯಾದ ಕಾರಣವಿಲ್ಲದೆ ತಡಮಾಡಿದ್ದರೆ ಶೇ. 50ರವರೆಗೆ ದಂಡ. ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ರೆವಿನ್ಯೂ ಸ್ಟಾಂಪಿನ ಮೇಲೆ ಹಾಕಿಸಿಕೊಂಡ ಸಹಿಗೆ ಹೆದರಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು 17ನೇ ಕಲಮಿನ ಪ್ರಕಾರ ಅಸಿಂಧು. ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಎರಡು ವರ್ಷ ಗಡುವು.

ಇನ್ನು ಕೆಲಸದ್ದು. ವರ್ಷದಲ್ಲಿ 240 ದಿನ ದುಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಲೇಬೇಕು. ಬಾಯಿಮಾತಿನಲ್ಲಿ ಕಳಿಸುವುದು ನಡೆಯುವುದಿಲ್ಲ. ‘ನಿರಂತರ ಅನಾರೋಗ್ಯ’ದಿಂದ ತೆಗೆದರೆ ಈ ನಿಯಮ ಅನ್ವಯಿಸುವುದಿಲ್ಲ, ಮಾಲೀಕರ ವಕೀಲರು ಮೊದಲು ಹಿಡಿಯುವುದು ಇದನ್ನೇ. ಗಾಯ ಮಾಗಿ, ಮೂರು ಬೆರಳಿನಲ್ಲಿ ಹಲಗೆ ಎತ್ತುತ್ತಿದ್ದವನನ್ನು ರೋಗಿ ಎನ್ನುವುದು ಸುಲಭವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕೆಲಸವೇ ವಾಪಸ್ ಸಿಗುತ್ತದೆ ಎಂದು ಭರವಸೆ ಕೊಡಲಾರೆ. ಎಷ್ಟೋ ಸಲ ಕೋರ್ಟು ಒಂದು ಮೊತ್ತ ಕೊಡಿಸಿ ಮುಗಿಸುತ್ತದೆ. ಅದೇ ಸರ್ಕಾರಿ ನೌಕರಿಯಾಗಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೆಲಸವನ್ನೇ ಕಾಯುತ್ತಿತ್ತು. ಖಾಸಗಿಯವರಿಗೆ ಆ ಕಟ್ಟುಪಾಡು ಇಲ್ಲ, ಇದು ಅನ್ಯಾಯವೇ.

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಇಎಸ್‌ಐ ಕಡಿತವಾಗುವ ಸಂಬಳದವರು ಗಮನಿಸಿ: ನಿಮಗೆ 1923ರ ಕಾಯ್ದೆಯ ಬದಲು ಇಎಸ್‌ಐ ಪರಿಹಾರ. ತಾತ್ಕಾಲಿಕ ಅಶಕ್ತತೆಯ ಭತ್ಯೆ ಬರುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಎಂದು 1948ರ ಇಎಸ್‌ಐ ಕಾಯ್ದೆಯ 73ನೇ ಕಲಮಿನಲ್ಲಿತ್ತು.

ಕೆಲಸದ ವ್ಯಾಜ್ಯಕ್ಕೆ ನೀವು ಮುನ್ಸಿಫ್ ಕೋರ್ಟಿಗೆ ಹೋಗಬೇಡಿ. ಶಿವಮೊಗ್ಗದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಂಧಾನಕ್ಕೆ ಅರ್ಜಿ ಕೊಡಿ. ಹಳೆಯ ಕಾಯ್ದೆಯ ಮೂರು ವರ್ಷ ಇದೆಯೆಂದು ಕೂರಬೇಡಿ, ಹೊಸ ಸಂಹಿತೆಯಲ್ಲಿ ಸಂಧಾನಕ್ಕೆ ಎರಡೇ ವರ್ಷ. ನೇಮಕದ ಪತ್ರ ಇಲ್ಲದಿದ್ದರೆ ಫೋನ್‌ಪೇಯಲ್ಲಿ ಸಂಬಳ ಬಂದ ಸಂದೇಶಗಳನ್ನು ತೆಗೆದಿಡಿ. ಆಸ್ಪತ್ರೆಯ ದಾಖಲೆಯಲ್ಲಿ ಗಾಯ ಹೇಗಾಯಿತು ಎಂದು ಬರೆದಿದೆಯೋ ಇವತ್ತೇ ನೋಡಿ. ಮನೆಯಲ್ಲಿ ಸೌದೆ ಒಡೆಯುವಾಗ ಆಯಿತು ಎಂದು ಬರೆಸಿಬಿಡುವುದು ನಮ್ಮ ಕಡೆ ಹೊಸದೇನಲ್ಲ. ಹಾಗೆ ಬರೆದಿದ್ದರೆ ಅವತ್ತು ಮಿಲ್ಲಿನಲ್ಲಿದ್ದ ಒಬ್ಬರ ಸಾಕ್ಷಿ ಬೇಕಾಗುತ್ತದೆ.