ಈಸ್ಟ್ರೊಜನ್ ಕಡಿಮೆಯಾದರೆ ಮಂಡಿ ಸವೆಯುತ್ತದೆಯೇ?

ಪ್ರಶ್ನೆ: ನನಗೆ 56 ವರ್ಷ, ಮಂಡ್ಯ ತಾಲ್ಲೂಕಿನವಳು. ಮುಟ್ಟು ನಿಂತು ಆರು ವರ್ಷವಾಯಿತು. ಭತ್ತದ ನಾಟಿಗೆ ಬಗ್ಗಿದರೆ ಮಂಡಿ ನೋವಿನಿಂದ ಏಳಲಾಗುವುದಿಲ್ಲ. ಎಕ್ಸ್‌ರೇಯಲ್ಲಿ 3ನೇ ಹಂತದ ಸವೆತ ಎಂದಿದೆ. ರಕ್ತದಲ್ಲಿ ಈಸ್ಟ್ರೊಜನ್ ಎಂಬ ಸ್ತ್ರೀ ಹಾರ್ಮೋನ್ ತೀರಾ ಕಡಿಮೆ. ಹಾರ್ಮೋನ್ ಮಾತ್ರೆ ನುಂಗಿದರೆ ಸವೆತ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆಂಬ ಭರವಸೆಯಿಲ್ಲ, ಮಂಡಿಗೆಂದೇ ಆ ಮಾತ್ರೆ ಶುರು ಮಾಡಬೇಡಿ. ಮುಟ್ಟು ನಿಂತ ಮೇಲೆ ಎಲ್ಲ ಹೆಂಗಸರಲ್ಲೂ ಈಸ್ಟ್ರೊಜನ್ ಇಳಿಯುತ್ತದೆ. ಮಂಡಿ ನೋವೇ ಇಲ್ಲದ ನಿಮ್ಮ ಓರಗೆಯವರ ರಕ್ತ ಪರೀಕ್ಷಿಸಿದರೂ ಹೆಚ್ಚುಕಡಿಮೆ ಇದೇ ಫಲಿತಾಂಶ ಬರುತ್ತದೆ. ಸವೆತ ಎಷ್ಟಾಗಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ನಂಟೇ ಇಲ್ಲವೆಂದಲ್ಲ. ಕೀಲಿನ ಮೂಳೆಗಳ ತುದಿಯನ್ನು ಹೊದಿಸುವ ಮೆತ್ತನೆಯ ಮೃದ್ವಸ್ಥಿಯ ಜೀವಕೋಶಗಳಲ್ಲಿ ಈಸ್ಟ್ರೊಜನ್ ಗ್ರಾಹಿಗಳು, ಅಂದರೆ ಆ ಹಾರ್ಮೋನ್ ಬಂದು ಅಂಟುವ ತಾಣಗಳು, ಇವೆ; 50 ದಾಟಿದವರಲ್ಲಿ ಮಂಡಿ ಸವೆತ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಆದರೆ ಅಮೆರಿಕದಲ್ಲಿ ಹೃದ್ರೋಗವಿದ್ದ ಹಿರಿಯ ಮಹಿಳೆಯರಿಗೆ ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ (ಇನ್ನೊಂದು ಸ್ತ್ರೀ ಹಾರ್ಮೋನನ್ನು ಹೋಲುವ ಔಷಧ) ಅನ್ನು ನಾಲ್ಕು ವರ್ಷ ಕೊಟ್ಟು ನೋಡಿದಾಗ, ಔಷಧವಿಲ್ಲದ ಮಾತ್ರೆ ನುಂಗಿದವರಿಗಿಂತ ಅವರ ಮಂಡಿ ನೋವೇನೂ ಕಡಿಮೆಯಿರಲಿಲ್ಲ. ಇದೇ ಜೋಡಿ ಔಷಧದ ಇನ್ನೊಂದು ದೊಡ್ಡ ಪ್ರಯೋಗವನ್ನು, ಸ್ತನ ಕ್ಯಾನ್ಸರ್ ಮತ್ತು ಹೃದಯಾಘಾತದ ಅಪಾಯ ಹೆಚ್ಚಿದ್ದರಿಂದ 2002ರಲ್ಲಿ ನಡುವೆಯೇ ನಿಲ್ಲಿಸಲಾಯಿತು. ಮೈ ಬಿಸಿಯೇರಿ ಬೆವರುವ ಕಾಟ ವಿಪರೀತವಾಗಿದ್ದರೆ ಮಾತು ಬೇರೆ. ಸ್ತ್ರೀರೋಗ ತಜ್ಞರನ್ನು ಕೇಳಿ.

ನನ್ನ ಮಟ್ಟಿಗೆ ಇದಕ್ಕಿಂತ ಗಮನಿಸಬೇಕಾದ ಹಾರ್ಮೋನ್ ಲೆಪ್ಟಿನ್. ಮೈಯ ಕೊಬ್ಬಿನಲ್ಲಿ ಹುಟ್ಟುವ ಇದು ಕೀಲಿನ ದ್ರವದಲ್ಲೂ ಸಿಗುತ್ತದೆ, ಅಲ್ಲಿ ಉರಿಯೂತ ಕೆರಳಿಸಬಲ್ಲದು. ಭಾರ ಹೊರದ ಕೈಬೆರಳಿನ ಕೀಲುಗಳೂ ದಪ್ಪಗಿರುವವರಲ್ಲಿ ಹೆಚ್ಚು ಸವೆಯುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ಸಂಶೋಧಕರು ಭಾವಿಸುತ್ತಾರೆ. ಹಾಗೆಂದು ಲೆಪ್ಟಿನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ, ತೂಕ ನೋಡಿಕೊಂಡರೆ ಸಾಕು. ತೂಕ ಹೆಚ್ಚಿರುವವರು ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

3ನೇ ಹಂತವೆಂದು ಎದೆಗುಂದಬೇಡಿ. ಎಕ್ಸ್‌ರೇಯ ಹಂತಕ್ಕೂ ನೋವಿಗೂ ಎಷ್ಟೋ ಜನರಲ್ಲಿ ತಾಳೆಯಾಗುವುದಿಲ್ಲ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರ ಚಾಚಿ ಐದು ಸೆಕೆಂಡು ಹಿಡಿಯುವ ವ್ಯಾಯಾಮವನ್ನು ದಿನವೂ ಮಾಡಿ. ತೊಡೆ ಬಲಿತಷ್ಟೂ ಮಂಡಿಗೆ ಆಸರೆ. ನಾಲೆಯ ಏರಿಯ ಮೇಲೆ ಸಮತಟ್ಟಾದ ಕಡೆ ನಡೆಯಿರಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆಯಿದ್ದರೆ ಈ ಸಲ ಬಸ್ಸಿನಲ್ಲಿ ಹೋಗಿ ಬನ್ನಿ.

ಸುಸ್ತು, ಮಲಬದ್ಧತೆ, ಮೈಕೈ ನೋವು ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಥೈರಾಯ್ಡ್ ಹಾರ್ಮೋನಿನ ಕೊರತೆಗೆ ಒಳ್ಳೆಯ ಚಿಕಿತ್ಸೆಯಿದೆ. ಬೆಳಿಗ್ಗೆ ಕೀಲುಗಳ ಬಿಗಿತ ಒಂದು ಗಂಟೆ ಕಳೆದರೂ ಬಿಡದಿದ್ದರೆ, ಅಥವಾ ಮಂಡಿ ಊದಿ ಬಿಸಿಯಾಗಿದ್ದರೆ, ಅದು ಬೇರೆ ಬಗೆಯ ಸಂಧಿವಾತವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.